ಎಂಜಿನ್ ನಿಂತರೂ ಎಸಿ ತಣ್ಣಗೇ ಇರುತ್ತದಲ್ಲ, ಕರೆಂಟು ಎಲ್ಲಿಂದ?

ಪ್ರಶ್ನೆ: ನಾನು ಕಲಬುರಗಿಯವನು. ಹೋದ ವರ್ಷ ಸ್ಟ್ರಾಂಗ್ ಹೈಬ್ರಿಡ್ ಎಸ್‌ಯುವಿ ತಗೊಂಡೆ. ಸಿಗ್ನಲ್‌ನಲ್ಲಿ ಎಂಜಿನ್ ನಿಂತರೂ ಎಸಿ ತಣ್ಣಗೇ ಇರುತ್ತದೆ. ನಮ್ಮ ಭಾವನ ಮೈಲ್ಡ್ ಹೈಬ್ರಿಡ್ ಕಾರಿನಲ್ಲಿ ಎಂಜಿನ್ ನಿಂತರೆ ಸ್ವಲ್ಪ ಹೊತ್ತಿಗೇ ಬರೀ ಗಾಳಿ. ಎರಡೂ ಹೈಬ್ರಿಡ್ಡೇ, ಯಾಕೆ ಹೀಗೆ? ನಿಲ್ಲಿಸಿದ ಕಾರಿನಲ್ಲಿ ಎಸಿ ಹಾಕಿಕೊಂಡು ಕೂತರೆ ದೊಡ್ಡ ಬ್ಯಾಟರಿ ಬೇಗ ಹಾಳಾಗುತ್ತದೆ ಅಂತ ಪರಿಚಯದ ಮೆಕ್ಯಾನಿಕ್ ಹೇಳುತ್ತಾರೆ, ನಿಜವೇ? ಎಸಿ ಹಾಕಿದರೆ ಮೈಲೇಜ್ ಇಷ್ಟೊಂದು ಬೀಳುವುದೇಕೆ? ಮದುವೆಗೆಂದು ಊರಿಗೆ ಹೋಗಿ ಮೂರು ವಾರ ಬಿಟ್ಟು ಬಂದಾಗ ಕಾರಿನ ಬಾಗಿಲು ಕೂಡ ತೆರೆಯಲಿಲ್ಲ. ಅಷ್ಟು ದೊಡ್ಡ ಬ್ಯಾಟರಿ ಇದ್ದೂ ಹೀಗಾಯಿತಲ್ಲ? ಕೊನೆಯದಾಗಿ, ಪ್ರವಾಸಕ್ಕೆ ಹೋದಾಗ ಈ ಕಾರಿನಿಂದ ಇಂಡಕ್ಷನ್ ಒಲೆ ಉರಿಸಬಹುದೇ?

ಉತ್ತರ: ಕೇಳಿದ್ದು ಐದು ಪ್ರಶ್ನೆ, ಆದರೆ ಬೇರು ಒಂದೇ. ಸ್ಟ್ರಾಂಗ್ ಹೈಬ್ರಿಡ್ ಕಾರಿನಲ್ಲಿ, ಅಂದರೆ ಬರೀ ಎಲೆಕ್ಟ್ರಿಕ್ ಮೋಟರಿನಿಂದಲೂ ಸ್ವಲ್ಪ ದೂರ ಓಡಬಲ್ಲ ಪೆಟ್ರೋಲ್ ಕಾರಿನಲ್ಲಿ, ಎರಡು ಬ್ಯಾಟರಿ ಇರುತ್ತವೆ. ಎಸಿ ಕಂಪ್ರೆಸರ್, ಅಂದರೆ ಎಸಿಯ ಗ್ಯಾಸನ್ನು ಒತ್ತಿ ತಂಪು ಹುಟ್ಟಿಸುವ ಪಂಪು, ಓಡುವುದು ದೊಡ್ಡದರಿಂದ. ದೀಪ, ಹಾರ್ನು, ಬಾಗಿಲ ಲಾಕು, ಸ್ಕ್ರೀನು, ಬ್ಲೋವರ್, ಕಾರಿನ ಕಂಪ್ಯೂಟರ್‌ಗಳು ಇವೆಲ್ಲ ಚಿಕ್ಕ 12 ವೋಲ್ಟ್ ಬ್ಯಾಟರಿಯ ಕಡೆ. ಜನ ದೊಡ್ಡ ಬ್ಯಾಟರಿಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ದಾರಿಯಲ್ಲಿ ಕೈಕೊಡುವುದು ಸಾಮಾನ್ಯವಾಗಿ ಚಿಕ್ಕದು.

ಮೊದಲು ನಿಮ್ಮ ಭಾವನ ಕಾರು ನೋಡೋಣ. ಮಾಮೂಲಿ ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ಮುಂದೆ ಒಂದು ಬೆಲ್ಟ್ ಇರುತ್ತದೆ. ಎಸಿ ಕಂಪ್ರೆಸರನ್ನೂ, ಕಾರಿಗೆ ಕರೆಂಟು ಹುಟ್ಟಿಸುವ ಆಲ್ಟರ್ನೇಟರನ್ನೂ ತಿರುಗಿಸುವುದು ಅದೇ. ಎಸಿ ಹಾಕಿದಾಗ 'ಟಕ್' ಅಂತ ಸದ್ದು ಕೇಳಿಸುತ್ತದಲ್ಲ, ಅದು ಕಂಪ್ರೆಸರಿನ ಮ್ಯಾಗ್ನೆಟಿಕ್ ಕ್ಲಚ್ ಬೆಲ್ಟಿನ ಪುಲ್ಲಿಯನ್ನು ಹಿಡಿದುಕೊಂಡ ಸದ್ದು. ಎಂಜಿನ್ ನಿಂತರೆ ಬೆಲ್ಟ್ ನಿಂತಿತು, ಕಂಪ್ರೆಸರ್ರೂ ನಿಂತಿತು. ಮೈಲ್ಡ್ ಹೈಬ್ರಿಡ್ಡಿನಲ್ಲಿ ಆಲ್ಟರ್ನೇಟರ್ ಜಾಗದಲ್ಲಿ ಸ್ವಲ್ಪ ಬಲವಾದ ಸ್ಟಾರ್ಟರ್-ಜನರೇಟರ್ ಬರುತ್ತದೆ, ಜೊತೆಗೆ ಒಂದು ಪುಟ್ಟ ಲಿಥಿಯಂ ಬ್ಯಾಟರಿ. ಮಾರುತಿಯ ಸ್ಮಾರ್ಟ್ ಹೈಬ್ರಿಡ್ ಇದೇ ಜಾತಿಯದು, ಪೂರ್ತಿ 12 ವೋಲ್ಟ್ ವ್ಯವಸ್ಥೆ. ಅದು ಎಂಜಿನ್ನನ್ನು ಸದ್ದಿಲ್ಲದೆ ಮತ್ತೆ ಎಬ್ಬಿಸುತ್ತದೆ, ಓಡುವಾಗ ಸ್ವಲ್ಪ ತಳ್ಳಿ ಕೊಡುತ್ತದೆ. ಆದರೆ ಕಂಪ್ರೆಸರ್ ಇನ್ನೂ ಬೆಲ್ಟಿನ ಮೇಲೇ ಇದೆ. ಎಂಜಿನ್ ನಿಂತಾಗ ಬ್ಲೋವರ್ ಮಾತ್ರ ಓಡುತ್ತದೆ. ಕೂಲಿಂಗ್ ಕಾಯಿಲ್‌ನಲ್ಲಿ ಉಳಿದ ತಂಪು ಮುಗಿಯುವ ತನಕ ಪರವಾಗಿಲ್ಲ, ಆಮೇಲೆ ಬೆಚ್ಚನೆ ಗಾಳಿ. ಸೆಖೆ ಜಾಸ್ತಿಯಾದರೆ ಕಾರೇ ಎಂಜಿನ್ನನ್ನು ಮತ್ತೆ ಚಾಲೂ ಮಾಡುತ್ತದೆ. ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಅದು ಎಂಜಿನ್ ನಿಲ್ಲಿಸದೇ ಇದ್ದರೂ ಆಶ್ಚರ್ಯವಿಲ್ಲ.

ದೊಡ್ಡ ಹೈಬ್ರಿಡ್‌ಗಳೂ ಶುರುವಾಗಿದ್ದು ಹೀಗೇ. 1997ರ ಕೊನೆಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೊದಲ ಟೊಯೋಟಾ ಪ್ರಿಯಸ್‌ನಲ್ಲಿ ಎಸಿ ಕಂಪ್ರೆಸರ್ ಬೆಲ್ಟಿನ ಮೇಲೇ ಇತ್ತು. ಟ್ರಾಫಿಕ್ಕಿನಲ್ಲಿ ಎಂಜಿನ್ ನಿಲ್ಲಿಸಿ ಪೆಟ್ರೋಲ್ ಉಳಿಸೋಣ ಅಂತ ಮಾಡಿದ ಕಾರು, ಅಲ್ವಾ? ಸೆಖೆಗಾಲದಲ್ಲಿ ಬರೀ ಎಸಿಗೋಸ್ಕರ ಅದೇ ಟ್ರಾಫಿಕ್ಕಿನಲ್ಲಿ ಎಂಜಿನ್ ಓಡಿಸಬೇಕು. 2003ರ ಎರಡನೇ ಪ್ರಿಯಸ್‌ನಲ್ಲಿ ಈ ಗಂಟು ಬಿಚ್ಚಿದರು. ಕಂಪ್ರೆಸರಿನ ಒಳಗೇ ಒಂದು ಎಲೆಕ್ಟ್ರಿಕ್ ಮೋಟರ್ ಕೂರಿಸಿ, 201.6 ವೋಲ್ಟಿನ ದೊಡ್ಡ ಬ್ಯಾಟರಿಯಿಂದಲೇ ಅದಕ್ಕೆ ಕರೆಂಟು ಕೊಟ್ಟರು. 2009ರ ಮೂರನೇ ಪ್ರಿಯಸ್‌ನಲ್ಲಿ ಎಂಜಿನ್ ತಂಪು ಮಾಡುವ ನೀರಿನ ಪಂಪೂ ಎಲೆಕ್ಟ್ರಿಕ್ ಆಯಿತು. ಅಲ್ಲಿಗೆ ಎಂಜಿನ್ ಮುಂದಿನ ಆ ಬೆಲ್ಟೇ ಇಲ್ಲವಾಯಿತು.

ಹೋಂಡಾದವರು ನಡುವಿನ ಒಂದು ದಾರಿ ಹಿಡಿದಿದ್ದರು. ಅವರ ಸಿವಿಕ್ ಹೈಬ್ರಿಡ್ ನಮ್ಮಲ್ಲಿಗೂ 2008ರಲ್ಲಿ ಆಮದಾಗಿ ಬಂದಿತ್ತು, ದುಬಾರಿ ಕಾರು. ಅದರ ಒಂದೇ ಕಂಪ್ರೆಸರಿನಲ್ಲಿ ಎರಡು ಭಾಗ. ಒಂದನ್ನು ಬೆಲ್ಟ್ ತಿರುಗಿಸುತ್ತಿತ್ತು, ಇನ್ನೊಂದನ್ನು ಮೋಟರ್. ಎಂಜಿನ್ ನಿಂತಾಗ ಮೋಟರ್ ಭಾಗ ಒಂದೇ ದುಡಿಯುತ್ತಿತ್ತು, ಸೆಖೆ ಜಾಸ್ತಿ ಇದ್ದರೆ ಎರಡೂ. ಜಾಣತನದ ಕೆಲಸ, ಒಪ್ಪೋಣ. ಆದರೆ ಒಂದರಲ್ಲಿ ಎರಡು ಯಂತ್ರ ಅಂದರೆ ಕೆಡುವುದಕ್ಕೂ ಎರಡು ಜಾಗ. ಕೊನೆಗೆ ನಿಂತದ್ದು ಪೂರ್ತಿ ಎಲೆಕ್ಟ್ರಿಕ್ ಕಂಪ್ರೆಸರ್ರೇ.

ಈಗ ನಿಮ್ಮ ಕಾರಿಗೆ ಬರೋಣ. ಮಾಡೆಲ್ ಹೆಸರು ಬರೆದಿಲ್ಲ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗುವ ಹೈರೈಡರ್, ಗ್ರ್ಯಾಂಡ್ ವಿಟಾರಾ, ಹೈಕ್ರಾಸ್ ಆಗಲಿ, ಹೋಂಡಾ ಸಿಟಿ ಹೈಬ್ರಿಡ್ ಆಗಲಿ, ಈ ವಿಷಯದಲ್ಲಿ ಎಲ್ಲದರ ದಾರಿ ಒಂದೇ. ದೊಡ್ಡ ಬ್ಯಾಟರಿಯ ಡಿಸಿ ಕರೆಂಟನ್ನು ಕಂಪ್ರೆಸರಿಗೆ ಅಂಟಿಕೊಂಡ ಇನ್ವರ್ಟರ್ ಮೂರು ಫೇಸಿಗೆ ಬದಲಾಯಿಸುತ್ತದೆ. ಅದರಿಂದ ಮೋಟರ್ ತಿರುಗುತ್ತದೆ. ಎಷ್ಟು ತಂಪು ಬೇಕೋ ಅಷ್ಟೇ ವೇಗ, ಮನೆಯ ಇನ್ವರ್ಟರ್ ಎಸಿಯಲ್ಲಿ ಇರುವ ತಂತ್ರವೇ ಇಲ್ಲೂ. ಎಂಜಿನ್ ಎಷ್ಟು ವೇಗದಲ್ಲಿದೆ, ಓಡುತ್ತಿದೆಯೋ ಇಲ್ಲವೋ, ಕಂಪ್ರೆಸರಿಗೆ ಲೆಕ್ಕಕ್ಕೇ ಇಲ್ಲ. ಬಾನೆಟ್ ತೆರೆದರೆ ಕಿತ್ತಳೆ ಬಣ್ಣದ ದಪ್ಪ ವೈರು ಕಾಣುತ್ತದೆ. ಅದು ಹೈ ವೋಲ್ಟೇಜ್. ನೋಡಿ, ಮುಟ್ಟಬೇಡಿ.

ಹಾಗಾದರೆ ಎಂಜಿನ್ ಇಲ್ಲದೆ ಎಸಿ ಎಷ್ಟು ಹೊತ್ತು ಓಡುತ್ತದೆ? ಇಲ್ಲಿ ಜನರ ಅಂದಾಜು ತಪ್ಪುತ್ತದೆ. ಹೆಸರಿಗೆ ದೊಡ್ಡ ಬ್ಯಾಟರಿ, ಆದರೆ ಎಲೆಕ್ಟ್ರಿಕ್ ಕಾರಿನ ಮುಂದೆ ಅದು ಏನೂ ಅಲ್ಲ. ಹೈರೈಡರ್, ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ಗಳದ್ದು 177.6 ವೋಲ್ಟಿನ ಲಿಥಿಯಂ ಬ್ಯಾಟರಿ. ಅದರಲ್ಲಿ ಹಿಡಿಯುವುದು ಸುಮಾರು 0.76 ಯೂನಿಟ್ ಕರೆಂಟು ಅಷ್ಟೇ. ಅದನ್ನೂ ಪೂರ್ತಿ ಬಳಸಲು ಕಾರು ಬಿಡುವುದಿಲ್ಲ. ಮಧ್ಯದ ಅರ್ಧದಷ್ಟು ಕೈಗೆ ಸಿಗುತ್ತದೆ ಅಂದುಕೊಳ್ಳಿ, 0.35 ಯೂನಿಟ್ ಆಸುಪಾಸು. ಬಿಸಿಲಲ್ಲಿ ನಿಂತು ಕಾದ ಕಾರಿನಲ್ಲಿ ಎಸಿ ಮೊದಲಿಗೆ ಎರಡು ಕಿಲೋವಾಟ್ ಅಥವಾ ಇನ್ನೂ ಹೆಚ್ಚು ಎಳೆಯಬಹುದು. ಒಳಗೆ ತಣ್ಣಗಾದ ಮೇಲೆ ಒಂದು ಕಿಲೋವಾಟ್ ಅಥವಾ ಅದಕ್ಕೂ ಕಡಿಮೆ. ಹಾಗಾಗಿ ಕಾದ ಕಾರಿನಲ್ಲಿ ಹತ್ತು ನಿಮಿಷ, ತಣಿದ ಕಾರಿನಲ್ಲಿ ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ. ಇದು ಸಂಪಲ್ಲ, ಕೊಡ. ಬೇಗ ಖಾಲಿಯಾಗುತ್ತದೆ, ಬೇಗ ತುಂಬುತ್ತದೆ.

ಮೂರನೇ ಪ್ರಿಯಸ್‌ನಲ್ಲಿ ಕೀಲಿಯ ಗುಂಡಿ ಒತ್ತಿ ದೂರದಿಂದಲೇ ಎಸಿ ಹಾಕುವ ಸೌಲಭ್ಯ ಕೊಟ್ಟಿದ್ದರು. ಎಂಜಿನ್ ಚಾಲೂ ಮಾಡದೆ, ಬರೀ ಬ್ಯಾಟರಿ ಮೇಲೆ. ಎಷ್ಟು ಹೊತ್ತು ಗೊತ್ತೇ? ಹೆಚ್ಚೆಂದರೆ 3 ನಿಮಿಷ. ತಯಾರಿಸಿದವರಿಗೇ ಆ ಬ್ಯಾಟರಿಯ ಅಳತೆ ಚೆನ್ನಾಗಿ ಗೊತ್ತಿತ್ತು.

ಆದ್ದರಿಂದ ನಿಲ್ಲಿಸಿದ ಕಾರಿನಲ್ಲಿ ಎಸಿ ಹಾಕಿಕೊಂಡು ಕೂತಾಗ ಆಗಾಗ ಎಂಜಿನ್ ತಾನಾಗಿ ಎದ್ದು, ಸ್ವಲ್ಪ ಹೊತ್ತು ಓಡಿ, ಮತ್ತೆ ನಿಂತರೆ ಗಾಬರಿಯಾಗಬೇಡಿ. ಬ್ಯಾಟರಿ ಕೆಳಮಟ್ಟಕ್ಕೆ ಬಂತು, ಎಂಜಿನ್ ಜನರೇಟರ್ ತಿರುಗಿಸಿ ತುಂಬಿಸಿತು, ಅಷ್ಟೇ. ಎಸಿಗೆಂದೇ ಎಂಜಿನ್ನನ್ನು ಒಂದೇ ಸಮನೆ ಐಡಲ್‌ನಲ್ಲಿ ಬಿಡುವುದಕ್ಕಿಂತ ಇದು ವಾಸಿ. ಐಡಲ್‌ನಲ್ಲಿ ಎಂಜಿನ್ ಪೆಟ್ರೋಲ್ ಸುಟ್ಟು ಕೊಡುವ ಕೆಲಸ ತೀರಾ ಕಮ್ಮಿ. ಹೀಗೆ ಸರಿಯಾದ ಲೋಡಿನಲ್ಲಿ ಕೆಲವು ನಿಮಿಷ ದುಡಿದು ನಿಲ್ಲುವುದರಲ್ಲಿ ಪೆಟ್ರೋಲ್ ಉಳಿಯುತ್ತದೆ.

ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿಯಲ್ಲ. ಎಸಿಯಿಂದ ದೊಡ್ಡ ಬ್ಯಾಟರಿ ಹಾಳಾಗುವುದಿಲ್ಲ. ತೀರಾ ಖಾಲಿಯಾಗಲೂ ಪೂರ್ತಿ ತುಂಬಲೂ ಕಂಪ್ಯೂಟರ್ ಬಿಡುವುದಿಲ್ಲ. ಗಾಡಿ ಹೊರಡುವಾಗ, ಏರು ಹತ್ತುವಾಗ ಆ ಬ್ಯಾಟರಿ ಕೊಡುವ ಶಕ್ತಿಯ ಮುಂದೆ ಎಸಿ ಎಳೆಯುವ ಒಂದು ಕಿಲೋವಾಟ್ ಸಣ್ಣ ಕೆಲಸ. ಬ್ಯಾಟರಿಗೆ ನಿಜವಾದ ವೈರಿ ಬಿಸಿ. ಗಾಳಿಯಿಂದ ತಂಪಾಗುವ ಬ್ಯಾಟರಿ ಇರುವ ಹೆಚ್ಚಿನ ಹೈಬ್ರಿಡ್‌ಗಳಲ್ಲಿ ಒಂದು ಫ್ಯಾನ್ ನೀವು ಕೂತಿರುವ ಕ್ಯಾಬಿನ್ನಿನ ಗಾಳಿಯನ್ನೇ ಎಳೆದು ಬ್ಯಾಟರಿಗೆ ಬಿಡುತ್ತದೆ. ನಿಮಗೆ ಸೆಖೆಯಾದರೆ ಅದಕ್ಕೂ ಸೆಖೆ. ಹಾಗೆ ನೋಡಿದರೆ ಮೇ ತಿಂಗಳಲ್ಲಿ ಎಸಿ ಬಂದ್ ಮಾಡಿ ಕಿಟಕಿ ಇಳಿಸಿ ಓಡಿಸುವವರೇ ಬ್ಯಾಟರಿಗೆ ಜಾಸ್ತಿ ಕಷ್ಟ ಕೊಡುತ್ತಾರೆ! ಹಿಂದಿನ ಸೀಟಿನ ಕೆಳಗೋ ಪಕ್ಕಕ್ಕೋ ಒಂದು ಜಾಲರಿ ಇರುತ್ತದೆ, ಗಾಳಿ ಹೋಗುವುದು ಅಲ್ಲಿಂದ. ಅದರ ಮೇಲೆ ಬ್ಯಾಗು, ಟವೆಲ್ಲು, ಮಕ್ಕಳ ಆಟದ ಸಾಮಾನು ಇಡಬೇಡಿ. ಅದರ ಫಿಲ್ಟರಿನಲ್ಲಿ ಧೂಳು, ನಾಯಿ ಕೂದಲು ಸೇರಿಕೊಳ್ಳುತ್ತದೆ. ನಿಮ್ಮ ಕಡೆಯ ಧೂಳಿಗೆ ಪ್ರತಿ ಸರ್ವೀಸಿನಲ್ಲೂ ಇದನ್ನು ತೆಗೆದು ನೋಡಲು ಹೇಳಿ, ಕೇಳದೇ ಇದ್ದರೆ ಕೆಲವರು ನೋಡುವುದೇ ಇಲ್ಲ. ಇಲ್ಲಿ ಮಾರುವ ಸ್ಟ್ರಾಂಗ್ ಹೈಬ್ರಿಡ್‌ಗಳ ದೊಡ್ಡ ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇದೆ. ಎಸಿ ಹಾಕಿದಿರಿ ಅಂತ ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ಆದರೆ ಒಂದು ಅಭ್ಯಾಸ ಬಿಡಬೇಕು. ಉದ್ದದ ಸಿಗ್ನಲ್‌ನಲ್ಲಿ, ರೈಲ್ವೆ ಗೇಟಿನಲ್ಲಿ ಗೇರನ್ನು ನ್ಯೂಟ್ರಲ್‌ಗೆ ಹಾಕಿ ಕೂರುವುದು. ಟೊಯೋಟಾ ಹೈಬ್ರಿಡ್‌ಗಳಲ್ಲಿ ಗೇರು ನ್ಯೂಟ್ರಲ್‌ನಲ್ಲಿದ್ದಾಗ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಎಸಿ ಎಳೆಯುತ್ತಲೇ ಇರುತ್ತದೆ, ಬರುವ ಕಡೆ ಬಂದ್. ಸ್ವಲ್ಪ ಹೊತ್ತಾದರೆ ಡ್ರೈವ್‌ನಲ್ಲೇ ಬ್ರೇಕ್ ಹಿಡಿಯಿರಿ, ತುಂಬಾ ಹೊತ್ತಾದರೆ ಪಾರ್ಕಿಂಗ್‌ಗೆ ಹಾಕಿ. ಹಳೆ ಗೇರ್ ಗಾಡಿ ಓಡಿಸಿದವರ ಕೈ ತಾನಾಗಿ ನ್ಯೂಟ್ರಲ್‌ಗೆ ಹೋಗುತ್ತದೆ, ಗೊತ್ತು.

ಕಾರಿನಲ್ಲೇ ಯಾರಿಗೋ ಕಾಯುತ್ತಾ ಕೂರಬೇಕಾದರೆ, ಬ್ರೇಕ್ ಒತ್ತಿ ಪವರ್ ಬಟನ್ ಒತ್ತಿದಾಗ ಬರುವ 'ರೆಡಿ' ದೀಪ ಹತ್ತಿರಬೇಕು, ಗೇರು ಪಾರ್ಕಿಂಗ್‌ನಲ್ಲಿರಬೇಕು. ಬ್ರೇಕ್ ಒತ್ತದೆ ಬರೀ ಪವರ್ ಬಟನ್ ಒತ್ತಿದರೆ ರೇಡಿಯೋ, ಸ್ಕ್ರೀನು ಬರುತ್ತದೆ. ಆದರೆ ಎಸಿ ತಂಪು ಕೊಡುವುದಿಲ್ಲ. ಯಾಕೆಂದರೆ ದೊಡ್ಡ ಬ್ಯಾಟರಿ ಆಗ ಇನ್ನೂ ಸಂಪರ್ಕಕ್ಕೇ ಬಂದಿರುವುದಿಲ್ಲ. ನೀವು ಹಾಡು ಕೇಳುತ್ತಾ ಚಿಕ್ಕ ಬ್ಯಾಟರಿಯನ್ನು ಹಿಂಡುತ್ತಿರುತ್ತೀರಿ. 'ರೆಡಿ'ಯಲ್ಲಿ ಬಿಟ್ಟು ಇಳಿದು ಹೋಗುವುದಂತೂ ಕೂಡದು. ಸದ್ದಿಲ್ಲದೆ ನಿಂತ ಕಾರು ಆಮೇಲೆ ತಾನಾಗಿ ಎಂಜಿನ್ ಚಾಲೂ ಮಾಡುತ್ತದೆ. ಮುಚ್ಚಿದ ಗ್ಯಾರೇಜಾದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವಕ್ಕೇ ಅಪಾಯ.

ಈಗ ಮೈಲೇಜ್. ಎಂಜಿನ್ ನಿಂತಾಗಲೂ ಎಸಿ ಓಡುತ್ತದೆ ಅಂದಮಾತ್ರಕ್ಕೆ ಅದು ಪುಕ್ಕಟೆ ಅಲ್ಲ. ಪ್ಲಗ್ ಇಲ್ಲದ ಹೈಬ್ರಿಡ್‌ಗೆ ಹೊರಗಿನಿಂದ ಬರುವುದು ಪೆಟ್ರೋಲ್ ಒಂದೇ. ಬ್ರೇಕ್ ಹಿಡಿದಾಗ ವಾಪಸ್ ಸಿಗುವ ಕರೆಂಟೂ ಮೊದಲು ಪೆಟ್ರೋಲಿನಿಂದ ಬಂದ ವೇಗವೇ. ಒರಟು ಲೆಕ್ಕ ಹಾಕೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇದೆ. ಎಂಜಿನ್, ಜನರೇಟರ್ ದಾಟಿ ಕರೆಂಟಾಗಿ ಕೈಗೆ ಸಿಗುವುದು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಮ್ಮಿ. ಅಂದರೆ ಒಂದು ಕಿಲೋವಾಟಿನ ಎಸಿ ಒಂದು ಗಂಟೆ ಓಡಿದರೆ ಮುನ್ನೂರೈವತ್ತು ಮಿಲಿಲೀಟರ್ ಆಸುಪಾಸು ಪೆಟ್ರೋಲ್ ಖರ್ಚು.

ಈ ಖರ್ಚು ಗಂಟೆಯ ಲೆಕ್ಕದ್ದು, ಕಿಲೋಮೀಟರಿನದ್ದಲ್ಲ. ಹೈವೇಯಲ್ಲಿ ಒಂದು ಗಂಟೆಗೆ 80 ಕಿ.ಮೀ. ಹೋಗುತ್ತೀರಿ, ನಾಲ್ಕು ಲೀಟರ್ ಸುಡುತ್ತೀರಿ ಅನ್ನಿ. ಎಸಿಯ ಪಾಲು ಅದರಲ್ಲಿ ಹತ್ತರಲ್ಲೊಂದು ಭಾಗವೂ ಇಲ್ಲ. ಅದೇ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒಂದು ಗಂಟೆಗೆ 15 ಕಿ.ಮೀ. ಸಾಗಿದಿರಿ. ಹೈಬ್ರಿಡ್ ಆದ್ದರಿಂದ ಗಾಡಿ ಓಡಿಸುವುದಕ್ಕೆ ಮುಕ್ಕಾಲು ಲೀಟರ್ ಸಾಕು. ಅದರ ಮೇಲೆ ಎಸಿಯ ಮುನ್ನೂರೈವತ್ತು ಮಿಲಿಲೀಟರ್ ಸೇರಿದರೆ ಲೆಕ್ಕವೇ ತಲೆಕೆಳಗು. ಕಾರು ಪೆಟ್ರೋಲ್ ಕಮ್ಮಿ ಕುಡಿದಷ್ಟೂ ಎಸಿಯ ಪಾಲು ಎದ್ದು ಕಾಣುತ್ತದೆ. ಕಂಪನಿಗಳು ಹೇಳುವ ಲೀಟರಿಗೆ 27.97 ಕಿ.ಮೀ. ಥರದ ಅಂಕಿ ಎಸಿ ಬಂದ್ ಮಾಡಿ ಅಳೆದದ್ದು ಎಂಬುದೂ ನೆನಪಿರಲಿ. ಹಾಗಂತ ಬೆವರುತ್ತಾ ಕೂರಬೇಡಿ. ಕಾದ ಕಾರಿನ ಕಿಟಕಿಗಳನ್ನು ಮೊದಲ ಒಂದೆರಡು ನಿಮಿಷ ಇಳಿಸಿ ಬಿಸಿಗಾಳಿ ಹೊರಗೆ ಬಿಡಿ. ಆಮೇಲೆ ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟು 24-25 ಡಿಗ್ರಿಗೆ ಬಿಡಿ. ಉಳಿತಾಯದ ದೊಡ್ಡ ಪಾಲು ಇಷ್ಟರಲ್ಲೇ ಬರುತ್ತದೆ. ಚಳಿಯ ದೇಶಗಳಲ್ಲಿ ಹೀಟರಿನದೇ ಬೇರೆ ಕಥೆ. ಅದಕ್ಕೆ ಎಂಜಿನ್ನಿನ ಬಿಸಿ ನೀರು ಬೇಕು, ಹಾಗಾಗಿ ಎಂಜಿನ್ ಓಡಲೇಬೇಕು. ಕಲಬುರಗಿಯಲ್ಲಿ ಆ ಚಿಂತೆ ಇಲ್ಲ ಬಿಡಿ.

ಇನ್ನು ಬಾಗಿಲು ತೆರೆಯದ ಕಾರು. ನಿಮ್ಮಂಥ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಆಲ್ಟರ್ನೇಟರ್ ಇರುವುದಿಲ್ಲ. ಅದರ ಬದಲು ಡಿಸಿ-ಡಿಸಿ ಕನ್ವರ್ಟರ್ ಅನ್ನುವ ಪೆಟ್ಟಿಗೆ ಇರುತ್ತದೆ. ದೊಡ್ಡ ಬ್ಯಾಟರಿಯ ವೋಲ್ಟೇಜನ್ನು 14 ವೋಲ್ಟಿನ ಆಸುಪಾಸಿಗೆ ಇಳಿಸಿ ಚಿಕ್ಕ ಬ್ಯಾಟರಿಗೂ ದೀಪ, ಪವರ್ ಸ್ಟಿಯರಿಂಗ್‌ಗಳಿಗೂ ಕೊಡುವುದು ಅದೇ. ಹಾಗಾಗಿಯೇ ಎಂಜಿನ್ ನಿಂತರೂ ಸ್ಟಿಯರಿಂಗ್ ಗಟ್ಟಿಯಾಗುವುದಿಲ್ಲ. ಆದರೆ ಈ ಪೆಟ್ಟಿಗೆ ಕೆಲಸ ಮಾಡುವುದು ಕಾರು 'ರೆಡಿ'ಯಲ್ಲಿ ಇರುವಾಗ ಮಾತ್ರ. ಕಾರು ಬಂದ್ ಮಾಡಿದ ಕೂಡಲೇ ರಿಲೇಗಳು, ಅಂದರೆ ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್ಚುಗಳು, ದೊಡ್ಡ ಬ್ಯಾಟರಿಯನ್ನು ಪೂರ್ತಿ ಬೇರ್ಪಡಿಸುತ್ತವೆ. ಸುರಕ್ಷತೆಗೆ ಅದು ಬೇಕೇ ಬೇಕು. ಮತ್ತೆ ಆ ರಿಲೇ ಸೇರಿಸಬೇಕಾದರೆ 12 ವೋಲ್ಟ್ ಬೇಕು! ನಿಮ್ಮ ಮೂರು ವಾರದಲ್ಲಿ ಅಲಾರಂ, ಕೀಲಿಯ ಸಿಗ್ನಲ್ ಕೇಳುವ ರಿಸೀವರ್, ಇಂಟರ್ನೆಟ್ ಸಂಪರ್ಕ ಇದ್ದರೆ ಅದರ ಮೋಡೆಮ್, ಇವೆಲ್ಲ ಚಿಕ್ಕ ಬ್ಯಾಟರಿಯನ್ನು ಹನಿಹನಿಯಾಗಿ ಕುಡಿದು ಖಾಲಿ ಮಾಡಿದವು. ನಿಲ್ಲಿಸಿದಾಗಲೂ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ಹಾಕಿಸಿದ್ದರೆ ನನ್ನ ಮೊದಲ ಅನುಮಾನ ಅದರ ಮೇಲೆ. ದೊಡ್ಡ ಬ್ಯಾಟರಿಯಲ್ಲಿ ಕರೆಂಟು ಇದ್ದೇ ಇತ್ತು. ಅದರ ಬಾಗಿಲು ತೆಗೆಯುವವರು ಇರಲಿಲ್ಲ, ಅಷ್ಟೇ.

ಇನ್ನೊಮ್ಮೆ ಹೀಗಾದರೆ, ಸ್ಮಾರ್ಟ್ ಕೀಲಿಯೊಳಗೆ ಒಂದು ಲೋಹದ ಕೀಲಿ ಅಡಗಿರುತ್ತದೆ, ಅದರಿಂದ ಚಾಲಕನ ಬಾಗಿಲು ತೆರೆಯಿರಿ. ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ ಜಂಪರ್ ಕೇಬಲ್ ಹಾಕಿ. ಇಲ್ಲಿ ಎಂಜಿನ್ ಸುತ್ತಿಸಲು ಚಿಕ್ಕ ಬ್ಯಾಟರಿ ಬೇಕಿಲ್ಲ, ಆ ಕೆಲಸ ದೊಡ್ಡ ಮೋಟರಿನದು. ಕಂಪ್ಯೂಟರ್ ಎದ್ದು ರಿಲೇ ಸೇರಿದರೆ ಸಾಕು. ಹಾಗಾಗಿ ಒಳ್ಳೆ ಪೋರ್ಟಬಲ್ ಜಂಪ್ ಸ್ಟಾರ್ಟರ್ ಇದ್ದರೂ ಆಗುತ್ತದೆ. ಪ್ಲಸ್-ಮೈನಸ್ ಅದಲುಬದಲಾದರೆ ಮಾತ್ರ ದುಬಾರಿ ಭಾಗಗಳು ಸುಡುತ್ತವೆ, ಎರಡು ಸಲ ನೋಡಿ ಹಾಕಿ. ಬೇರೆಯವರ ಡೀಸೆಲ್ ಗಾಡಿಗೆ ನಿಮ್ಮ ಹೈಬ್ರಿಡ್‌ನಿಂದ ಜಂಪ್ ಕೊಡಲು ಮಾತ್ರ ಹೋಗಬೇಡಿ. ಊರಿಗೆ ಹೋಗುವಾಗ ಮನೆಯಲ್ಲಿರುವ ಯಾರಿಗಾದರೂ ಕೀಲಿ ಕೊಟ್ಟು, ವಾರಕ್ಕೊಮ್ಮೆ ಒಂದು ಗಂಟೆ ಓಡಿಸಲು ಹೇಳಿ. ಓಡಿಸದಿದ್ದರೆ ಬಯಲಲ್ಲಿ 'ರೆಡಿ' ಮಾಡಿಕೊಂಡು ಒಂದು ಗಂಟೆ ಕೂತರೂ ಸಾಕು. ಬ್ಯಾಟರಿ ಬದಲಿಸುವಾಗ ಕೈಪಿಡಿ ಹೇಳಿದ ಜಾತಿಯದನ್ನೇ ಹಾಕಿಸಿ. ಕೆಲವು ಕಾರುಗಳಲ್ಲಿ ಅದು ಕ್ಯಾಬಿನ್ ಒಳಗೇ ಇರುತ್ತದೆ. ಅಲ್ಲಿ ಅಂಗಡಿಯ ಮಾಮೂಲಿ ಆಸಿಡ್ ಬ್ಯಾಟರಿ ಕೂರಿಸಬಾರದು.

ನೀವು ಕೇಳದ ಒಂದು ಮಾತನ್ನು ಹೇಳಲೇಬೇಕು. ಎಸಿ ಗ್ಯಾಸ್ ತುಂಬಿಸಲು ಸಿಕ್ಕ ಅಂಗಡಿಗೆ ಹೋಗಬೇಡಿ. ಎಲೆಕ್ಟ್ರಿಕ್ ಕಂಪ್ರೆಸರಿನಲ್ಲಿ ಮೋಟರಿನ ಸುರುಳಿಗಳು ಗ್ಯಾಸು, ಎಣ್ಣೆಯ ಒಳಗೇ ಮುಳುಗಿರುತ್ತವೆ. ಆದ್ದರಿಂದ ಆ ಎಣ್ಣೆ ಕರೆಂಟು ಹಾಯಿಸಬಾರದು. ಅದಕ್ಕೆ ಪಿಒಇ ಜಾತಿಯ ಎಣ್ಣೆ ಬೇಕು. ಬೆಲ್ಟ್ ಕಂಪ್ರೆಸರ್‌ಗಳಿಗೆ ಹಾಕುವ ಪಿಎಜಿ ಎಣ್ಣೆ ಸ್ವಲ್ಪ ಬೆರೆತರೂ ಇನ್ಸುಲೇಷನ್ ಕುಸಿಯುತ್ತದೆ. ಕಾರಿನ ಕಂಪ್ಯೂಟರ್ ಅದನ್ನು ಹೈ ವೋಲ್ಟೇಜ್ ಸೋರಿಕೆ ಅಂತ ಹಿಡಿದು ಎಚ್ಚರಿಕೆ ದೀಪ ಹಚ್ಚುತ್ತದೆ. ಕೊನೆಗೆ ಕಾರು 'ರೆಡಿ'ಯೇ ಆಗದಿರಬಹುದು. ಒಂದು ಸಲ ಬೆರೆತರೆ ತೊಳೆದು ತೆಗೆಯುವುದು ಕಷ್ಟ, ಕಂಪ್ರೆಸರ್ ಬದಲಿಸುವ ತನಕ ಹೋಗುತ್ತದೆ. ಗ್ಯಾಸ್ ತುಂಬುವ ಯಂತ್ರದ ಪೈಪಿನಲ್ಲಿ ಹಿಂದಿನ ಕಾರಿನ ಎಣ್ಣೆ ಉಳಿದಿದ್ದರೂ ಸಾಕು. "ಹೈಬ್ರಿಡ್‌ಗೆ ಬೇರೆ ಎಣ್ಣೆ ಇಟ್ಟಿದ್ದೀರಾ?" ಅಂತ ಕೇಳಿ. "ಎಲ್ಲಾ ಒಂದೇ ಸಾರ್" ಅಂದರೆ ಸುಮ್ನೆ ವಾಪಸ್ ಬನ್ನಿ.

ಇಂಡಕ್ಷನ್ ಒಲೆಯ ಆಸೆ ತಪ್ಪೇನಲ್ಲ. ಅದು ಸಾಧ್ಯವಿರುವ ಹೈಬ್ರಿಡ್‌ಗಳು ಇವೆ. 2001ರಲ್ಲಿ ಜಪಾನಿನಲ್ಲಿ ಬಂದ ಟೊಯೋಟಾ ಎಸ್ಟಿಮಾ ಹೈಬ್ರಿಡ್‌ನಲ್ಲಿ 1500 ವಾಟ್ ಕೊಡುವ 100 ವೋಲ್ಟಿನ ಸಾಕೆಟ್ಟೇ ಇತ್ತು. 2011ರ ಭೂಕಂಪ, ಸುನಾಮಿಯ ನಂತರ ಕರೆಂಟಿಲ್ಲದ ಕಡೆ ಇಂಥ ಕಾರುಗಳು ತುಂಬಾ ಉಪಯೋಗಕ್ಕೆ ಬಂದವು. ಅಮೆರಿಕದ ಫೋರ್ಡ್ ಎಫ್-150 ಹೈಬ್ರಿಡ್ ಪಿಕಪ್‌ನಲ್ಲಿ 7.2 ಕಿಲೋವಾಟ್ ತನಕ ಸಿಗುತ್ತದೆ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಹಿಮ ಬಿದ್ದು ಕರೆಂಟು ಹೋದಾಗ ಕೆಲವರು ಅದರಿಂದಲೇ ಮನೆಯ ಹೀಟರ್ ಓಡಿಸಿದರು. ಆದರೆ ಆ ಗಾಡಿಗಳಲ್ಲಿ ದೊಡ್ಡ ಬ್ಯಾಟರಿಯಿಂದ ನೇರ ಕರೆಂಟು ತೆಗೆಯುವ ಇನ್ವರ್ಟರನ್ನು ಕಂಪನಿಯೇ ಕೂರಿಸಿದೆ. ನಿಮ್ಮ ಕಾರಿನಲ್ಲಿ ಇರುವುದು 12 ವೋಲ್ಟಿನ ಸಾಕೆಟ್, ಅದರ ಮಿತಿ ಸಾಮಾನ್ಯವಾಗಿ 120 ವಾಟ್. ಲ್ಯಾಪ್‌ಟಾಪ್ ಚಾರ್ಜರ್, ಕಾರಿನ ಪುಟ್ಟ ಫ್ರಿಜ್ಜು, ಟಯರಿಗೆ ಗಾಳಿ ತುಂಬುವ ಪಂಪು, ಇಷ್ಟಕ್ಕೆ ಸರಿ. 2000 ವಾಟಿನ ಇಂಡಕ್ಷನ್‌ಗೆ 12 ವೋಲ್ಟಿನಲ್ಲಿ 170-180 ಆಂಪಿಯರ್ ಬೇಕು. ಡಿಸಿ-ಡಿಸಿ ಕನ್ವರ್ಟರ್ ಸಾಮಾನ್ಯವಾಗಿ ಕೊಡುವುದೇ ನೂರು ಆಂಪಿಯರ್ ಆಸುಪಾಸು, ಅದರಲ್ಲೂ ಕಾರಿಗೆ ಬೇಕಾದದ್ದು ಕಳೆಯಬೇಕು. ದೊಡ್ಡ ಇನ್ವರ್ಟರ್ ತಂದು ಚಿಕ್ಕ ಬ್ಯಾಟರಿಗೆ ಕ್ಲಿಪ್ ಹಾಕಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ, ಕಿತ್ತಳೆ ವೈರಿಗೇ ಕೈ ಹಾಕುವ ಧೈರ್ಯಸ್ಥರೂ ಇದ್ದಾರೆ. ಇಬ್ಬರಿಗೂ ಬೇಡ ಅನ್ನಿ. ಪ್ರವಾಸಕ್ಕೆ ಒಂದು ಸಣ್ಣ ಗ್ಯಾಸ್ ಸ್ಟವ್ ಒಯ್ಯಿರಿ.